ಗೇಣಿನೊಳಗಿನ ಚಾಕು

ಮೊಮ್ಮಕ್ಕಳೇ, ಕಳೆದ ವಾರ ನಿಮ್ಮಲ್ಲಿ ದೊಡ್ಡವನು ನನ್ನ ಟ್ರಂಕು ಕೆದಕಿ ಮುತ್ಯಾನ ಮಡಚುವ ಚಾಕು ತೆಗೆದ. "ಆಯಿ, ಇದನ್ನ ಕಿಸೆದಾಗ ಇಟ್ಕೊಂಡು ಕಲಬುರಗಿಗೆ ಹೋದ್ರ ಪೊಲೀಸ್ರು ಹಿಡೀತಾರೇನು?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವನ ತಂಗಿ, "ಹಿಡದು ಸೀದಾ ಒಳಗ ಹಾಕ್ತಾರ. ಮೊಬೈಲ್‌ನಾಗ ನೋಡೀನಿ" ಎಂದು ತೀರ್ಪು ಕೊಟ್ಟುಬಿಟ್ಟಳು. ನಾನು ಚಾಕು ಇಸಿದುಕೊಂಡು ಸೀರೆಯ ಮಡಿಕೆಯಲ್ಲಿ ಮತ್ತೆ ಇಟ್ಟೆ. ಉತ್ತರ ಕೊಡಲಿಲ್ಲ.

ಉತ್ತರ ಗೊತ್ತಿರಲಿಲ್ಲವೆಂದಲ್ಲ. ನಿಮ್ಮ ಬೀದಿಯ ಎಲ್ಲ ಆಯಿಗಳಿಗಿಂತ ಚೆನ್ನಾಗಿ ನನಗೆ ಗೊತ್ತು. ಆದರೆ ಅದನ್ನು ಹೇಳಬೇಕೆಂದರೆ ಒಂದು ಇಡೀ ದಿನದ ಕಥೆ ಹೇಳಬೇಕು, ನಾಲ್ಕು ಜನ ಎದುರಿಗೆ ಕೂತರೆ ನನಗೆ ಮಾತು ಬರುವುದಿಲ್ಲ. ಬರೆಯುವುದು ಸುಲಭ. ಮಹಾಗಾಂವದ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಆದ್ದರಿಂದ ಬರೆದಿಡುತ್ತಿದ್ದೇನೆ, ಎಲ್ಲರೂ ಓದಿ.

ಮೊದಲು ಚಾಕುವಿನ ವಿಷಯ. ನಿಮ್ಮ ಮುತ್ಯಾ ಅದನ್ನು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡಿದ್ದರು, ನಮ್ಮ ಮದುವೆಯಾದ ಹೊಸದರಲ್ಲಿ. ಕಮಲಾಪುರದ ನಮ್ಮ ಕೆಂಪು ಬಾಳೆಯ ತೋಟದಲ್ಲಿ ಗೊನೆ ಭಾರಕ್ಕೆ ಗಿಡ ಬಾಗದಂತೆ ಕೋಲು ಕಟ್ಟುತ್ತಾರಲ್ಲ, ಆ ಸುತಳಿ ಕತ್ತರಿಸಲು ಅದು ಬೇಕಾಗುತ್ತಿತ್ತು. ಹಿಡಿಕೆ ಕಟ್ಟಿಗೆಯದು. ಅವರ ಹೆಬ್ಬೆರಳು ಊರುವ ಜಾಗ ತೇಯ್ದು ಸಣ್ಣ ಕುಳಿಯಾಗಿದೆ, ನೀವೂ ಮುಟ್ಟಿ ನೋಡಿರುತ್ತೀರಿ. ಅಲಗು ನನ್ನ ನಡುಬೆರಳಿಗಿಂತ ಉದ್ದವಿಲ್ಲ. ಅವರು ಹೋಗುವ ದಿನದವರೆಗೂ ಅಂಗಿಯ ಕಿಸೆಯಲ್ಲಿ ಅದು ಇತ್ತು.

ಹಿಡಿಕೆಯ ತುದಿಯಲ್ಲಿ ಒಂದು ಬಳೆ, ಬಳೆಗೆ ನಾಲ್ಕು ಅರಿಷಿಣದ ದಾರ. ಆ ದಾರಗಳು ನೀವೇ. ನಮ್ಮ ಕಡೆ ಕೂಸು ಹುಟ್ಟಿದ ಕೂಡಲೇ ತಲೆಯ ಹತ್ತಿರ ಕಬ್ಬಿಣದ್ದು ಏನಾದರೂ ಇಡುತ್ತಾರೆ. ಕುಡಗೋಲೋ, ಚಾಕೋ, ಮೊಳೆಯೋ. ಕೂಸು ಬೆಚ್ಚಬಾರದು, ಕೆಟ್ಟ ಗಾಳಿ ಸೋಕಬಾರದು ಎಂದು. ಅದರಲ್ಲೂ ಕೂಸನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯುವಾಗ ಕಬ್ಬಿಣ ಜೊತೆಗಿರಲೇಬೇಕು. ನಿಮ್ಮಲ್ಲಿ ದೊಡ್ಡವನು ಹುಟ್ಟಿದಾಗ ನಿಮ್ಮ ಮುತ್ಯಾ ಕಿಸೆಯಿಂದ ಈ ಚಾಕು ತೆಗೆದು, ದಾರ ಕಟ್ಟಿ, ಮಡಚಿದ್ದು ಮಡಚಿದಂತೆಯೇ ದಿಂಬಿನ ಕೆಳಗೆ ಇಟ್ಟರು. ಆಮೇಲೆ ಅವನ ಇಬ್ಬರು ತಂಗಿಯರಿಗೂ ಅದೇ. ಇದರಲ್ಲಿ ಎಷ್ಟು ನಿಜವೋ ನನಗೆ ಗೊತ್ತಿಲ್ಲ. ನನ್ನ ಮಗನ ಮಕ್ಕಳಾದ ನೀವು ಮೂವರೂ ಚೆನ್ನಾಗಿ ನಿದ್ದೆ ಮಾಡಿದಿರಿ, ಅದು ಗೊತ್ತು.

ನಾಲ್ಕನೆಯ ದಾರ ನನ್ನ ಮಗಳ ಕೂಸಿನದು, ಈಗ ರಜೆಗೆ ಬಂದು ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುವ ಸಣ್ಣವಳದು. ಕಥೆ ಅವಳದೇ. ಅವಳು ಹುಟ್ಟುವ ಹೊತ್ತಿಗೆ ಮುತ್ಯಾ ಇರಲಿಲ್ಲ. ಚಾಕು ಒಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಇನ್ನೊಂದು ಮಾತು ಹೇಳದೆ ಮುಂದೆ ಹೋದರೆ ನಿಮಗೆ ಏನೂ ತಿಳಿಯದು. ನಮ್ಮ ಕಾಲದಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ನನ್ನ ಅವ್ವ ನಿಮ್ಮ ಮುತ್ಯಾನ ಜೊತೆ ಕೊನೆಯವರೆಗೂ ಮಾತಾಡಲಿಲ್ಲ. ನನ್ನ ಮಗಳ ಮದುವೆಯಾದ ಮೇಲೆ ನಾನೂ ಹಾಗೇ ಇದ್ದೆ. ಯಾರೂ ಒತ್ತಾಯ ಮಾಡಿದ್ದಲ್ಲ. ಮೊದಲೇ ಮಾತು ಕಡಿಮೆ, ಅದಕ್ಕೆ ಈ ಪದ್ಧತಿ ನನಗೆ ಅನುಕೂಲವೇ ಆಗಿತ್ತು. ಅಳಿಯ ಬಂದರೆ ಸೆರಗು ಹಣೆಯವರೆಗೆ ಎಳೆದುಕೊಂಡು ಒಳಗೆ ಹೋಗುವುದು, ಹೇಳುವುದಿದ್ದರೆ ಮಗಳಿಗೆ ಹೇಳುವುದು. ಅವಳು ಇಲ್ಲದಿದ್ದರೆ ಗೋಡೆಯ ಕಡೆ ಮುಖ ಮಾಡಿ, "ಚಹಾ ಆಗ್ಯದ, ಕುಡಿಯೋರು ಕುಡೀಬಹುದು" ಎನ್ನುವುದು. ಅವರೂ ಒಳ್ಳೆಯವರು. ಗೋಡೆಗೇ ಉತ್ತರ ಕೊಡುತ್ತಿದ್ದರು. "ಕುಡಿಯೋರು ಕುಡದ್ರು, ಛಲೋ ಆಗಿತ್ತು" ಎನ್ನುತ್ತಿದ್ದರು. ನನ್ನ ಮಗಳು, ನಿಮ್ಮ ಅತ್ತಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವಳಿಗೆ ದಿನ ತುಂಬಲು ಇನ್ನೂ ಎಂಟು ದಿನ ಇದ್ದವು. ಕಲಬುರಗಿಗೆ ಡಾಕ್ಟರಿಗೆ ತೋರಿಸಲು ಹೋದವಳಿಗೆ ಅಲ್ಲೇ ಬೇನೆ ಬಂತು, ದವಾಖಾನೆಗೆ ಸೇರಿಸಿದರು, ಸಂಜೆಯೊಳಗೆ ಕೂಸು ಆಯಿತು. ಬೀಗತಿ ಜೊತೆಗಿದ್ದರು. ಮರುದಿನ ಬೆಳಿಗ್ಗೆ ನಾನು ಗಡಿಬಿಡಿಯಲ್ಲಿ ಚೀಲ ತುಂಬಿದೆ. ಹಳೆಯ ಧೋತರದ ಮೆತ್ತನೆಯ ತುಂಡುಗಳು, ಅಜವಾನ, ಒಣ ಕೊಬ್ಬರಿ, ಒಂದು ಹಣಿಗೆ ಕೆಂಪು ಬಾಳೆಹಣ್ಣು, ಕೂಸಿನ ತಲೆ ಬೆನ್ನು ಮುಚ್ಚುವಂತೆ ಹೊಲಿದಿಟ್ಟಿದ್ದ ಕುಂಚಿಗೆ. ಚಾಕುವಿಗೆ ಹೊಸ ದಾರ ಕಟ್ಟಿದೆ. ಚೀಲದಲ್ಲಿ ಅತ್ತಿತ್ತ ಸರಿದಾಡಬಾರದೆಂದು ಅದನ್ನು ಕುಂಚಿಗೆಯ ಒಳಗೆ ಸುತ್ತಿಟ್ಟೆ. ಇಷ್ಟೇ ನಾನು ಮಾಡಿದ್ದು.

ಬಸ್ಸು ಮಹಾಗಾಂವ ದಾಟುವಾಗ ತೊಗರಿ ಹೂ ಬಿಟ್ಟಿತ್ತು, ಹೊಲವೆಲ್ಲ ಹಳದಿ. ನಾನು ಕಲಿತ ಸಾಲೆಯ ಕಡೆ ನೋಡಿ, ಮೊಮ್ಮಗಳು ಬಂದಳು ಎಂದು ಮನಸ್ಸಿನಲ್ಲೇ ಹೇಳಿದೆ.

ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಅಳಿಯ ಕಾಯುತ್ತಿದ್ದರು. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು, ಆದರೂ ಮುಖದಲ್ಲಿ ನಗು. ಬಗ್ಗಿ ನಮಸ್ಕಾರ ಮಾಡಿ ಚೀಲ ಇಸಿದುಕೊಂಡರು. ಏನಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಟೋ ಹತ್ತಿದೆವು. ಆಟೋದವನಿಗೆ ಅವರು, "ಕೂಸು ಅವ್ರ ಅವ್ವನಂಗೇ ಅದ ನೋಡಪಾ" ಎಂದರು. ಅದು ನನಗೆ ಹೇಳಿದ್ದು. ನಾನೂ ಆಟೋದವನಿಗೆ, "ಕೂಸಿನ ತೂಕ ಎಷ್ಟಂತಪಾ?" ಎಂದೆ. ಆ ಮನುಷ್ಯ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, "ಅಮ್ಮಾ, ನನಗ್ಯಾಕ ಕೇಳ್ತೀರಿ, ಬಾಜೂಕ ಕೂತವ್ರಿಗೆ ಕೇಳ್ರಿ" ಎಂದ.

ಆ ದಿನಗಳಲ್ಲಿ ಅಳಿಯನ ಮನಸ್ಸಿನಲ್ಲಿ ಕೂಸಿನ ಜೊತೆ ಇನ್ನೊಂದು ವಿಷಯವೂ ಇತ್ತು. ಎಷ್ಟೋ ವರ್ಷ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿ, ಪರೀಕ್ಷೆ ಬರೆದು ಬರೆದು, ಕೊನೆಗೆ ಸರ್ಕಾರಿ ನೌಕರಿಗೆ ಆಯ್ಕೆಯಾಗಿದ್ದರು. ಕಾಗದಪತ್ರ ಎಲ್ಲ ಮುಗಿದಿತ್ತು. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಹೆಸರಿನ ಮೇಲೆ ಯಾವ ಕೇಸೂ ಇಲ್ಲ ಎಂದು ಪೊಲೀಸರು ಬರೆದುಕೊಟ್ಟರೆ ಆರ್ಡರ್ ಬರುತ್ತದೆ. ಇದನ್ನು ಮಗಳು ಫೋನಿನಲ್ಲಿ ದಿನವೂ ಹೇಳುತ್ತಿದ್ದಳು.

ದವಾಖಾನೆಯ ಗೇಟಿನಲ್ಲಿ ಅಂದು ಜನ ಸಾಲಾಗಿ ನಿಂತಿದ್ದರು. ಹಿಂದಿನ ದಿನ ಯಾರೋ ರೋಗಿಯ ಕಡೆಯವರು ಒಳಗೆ ಗಲಾಟೆ ಮಾಡಿದ್ದರಂತೆ, ಅದಕ್ಕೆ ಚೀಲ ಬಿಚ್ಚಿ ನೋಡಿ ಒಳಗೆ ಬಿಡುತ್ತಿದ್ದರು. ಅಳಿಯ ಮುಂದೆ, ನಾನು ಹಿಂದೆ.

"ಸಾಹೇಬ್ರ, ಚೀಲದಾಗ ಏನದ?" ಎಂದು ಕಾವಲುಗಾರ ಕೇಳಿದ.

"ಬಾಣಂತಿ ಸಾಮಾನು. ಕೂಸಿನ ಬಟ್ಟಿ."

"ಅಷ್ಟೇ?"

"ಅಷ್ಟೇ ಅದ, ನೋಡ್ರಿ ಬೇಕಾದ್ರ."

ಕಾವಲುಗಾರ ಧೋತರದ ತುಂಡು ತೆಗೆದ, ಅಜವಾನದ ಗಂಟು ಮೂಸಿದ, ಬಾಳೆಹಣ್ಣು ಬದಿಗಿಟ್ಟ. ಕುಂಚಿಗೆ ಎತ್ತಿದ. ಭಾರ ಅನ್ನಿಸಿರಬೇಕು, ಕೈ ಒಳಗೆ ಹಾಕಿ ಚಾಕು ಹೊರಗೆ ಎಳೆದ. ಅಲಗು ಬಿಚ್ಚಿದಾಗ ಕಟಕ್ ಎಂದಿತು. ಸಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಇದೇನು, ಕೂಸಿನ ಆಟಿಗಿ ಸಾಮಾನೇನ್ರಿ? ಕುಂಚಿಗ್ಯಾಗ ಮುಚ್ಚಿ ತಂದೀರಿ?"

ಅಳಿಯ ಚಾಕು ನೋಡಿದರು. ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದರು. ಆಮೇಲೆ ತಿರುಗಿ ಒಂದು ಸಲ ನನ್ನ ಕಡೆ ನೋಡಿದರು. ಆಗ ನಾನು ಹೇಳಬೇಕಿತ್ತು. ಎದುರಿಗೆ ಅಳಿಯ, ಸುತ್ತಲೂ ಅಷ್ಟು ಗಂಡಸರು. ನನ್ನ ಕೈ ತಾನೇ ಸೆರಗನ್ನು ಇನ್ನಷ್ಟು ಕೆಳಗೆ ಎಳೆಯಿತು. ಸೆರಗಿನೊಳಗಿಂದ ನನಗೆ ಕಾಣಿಸುತ್ತಿದ್ದುದು ಅವರ ಚಪ್ಪಲಿ ಮಾತ್ರ.

"ಅದು... ನಂದೇ" ಎಂದರು ಅಳಿಯ.

"ಈಗರ ಬಟ್ಟಿ ಅಷ್ಟೇ ಅಂದ್ರಲ್ಲ?"

"ಮರ್ತಿದ್ದೆ."

"ಚಾಕು ಮರೀತೀರಿ? ನಡೀರಿ ಚೌಕಿಗೆ. ಇಂಥದ್ದು ಸಿಕ್ರ ಬಿಡಬ್ಯಾಡ ಅಂತ ನಮಗ ಹುಕುಂ ಅದ."

ದವಾಖಾನೆಯ ಮೂಲೆಯಲ್ಲೇ ಒಂದು ಸಣ್ಣ ಪೊಲೀಸ್ ಚೌಕಿ ಇತ್ತು. ಕಾವಲುಗಾರ ಮುಂದೆ, ಅಳಿಯ ನಡುವೆ, ಹಿಂದೆ ನಾನು. ಕುಂಚಿಗೆ ನನ್ನ ಕೈಯಲ್ಲಿ ಉಳಿದಿತ್ತು. ಮೇಲೆ ಮಗಳು ನನ್ನ ದಾರಿ ಕಾಯುತ್ತಿದ್ದಾಳೆ, ಕೂಸಿನ ಮುಖ ಇನ್ನೂ ನೋಡಿಲ್ಲ, ಅಷ್ಟರಲ್ಲಿ ನಾನು ಅದರ ಅಪ್ಪನ ನೌಕರಿ ಕಳೆದೆ ಎಂದುಕೊಂಡೆ.

ಒಳಗೆ ಒಂದು ಮೇಜು, ಒಂದು ಬೆಂಚು, ಗೋಡೆಗೆ ಕ್ಯಾಲೆಂಡರ್. ಮೇಜಿನ ಹಿಂದೆ ಹೆಂಗಸು ಹೆಡ್ ಕಾನ್‌ಸ್ಟೇಬಲ್, ಹೆಚ್ಚೆಂದರೆ ನನ್ನ ಮಗನ ವಯಸ್ಸು. ಊಟದ ಡಬ್ಬಿ ಆಗತಾನೇ ಮುಚ್ಚಿಟ್ಟಿದ್ದಳು. ಕಾವಲುಗಾರ ಚಾಕುವನ್ನು ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದ. ಅವಳು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಅಳಿಯನನ್ನು ಎದುರಿಗೆ ನಿಲ್ಲಿಸಿದಳು.

"ಏನ್ ಕೆಲಸ ಮಾಡ್ತೀರಿ?"

"ಕಾಲೇಜಿನಾಗ ಕಲಸ್ತೀನಿ. ಈಗ ಸರ್ಕಾರಿ ನೌಕರಿಗಿ ಆಯ್ಕೆ ಆಗೀನ್ರಿ. ವೆರಿಫಿಕೇಶನ್ ಬಾಕಿ ಅದ." ಕೊನೆಯ ಮಾತನ್ನು ಅವರು ಬಹಳ ಮೆಲ್ಲಗೆ ಹೇಳಿದರು.

"ವೆರಿಫಿಕೇಶನ್ ಬಾಕಿ ಇಟ್ಕೊಂಡು ಚಾಕು ಹಿಡ್ಕೊಂಡು ತಿರಗಾಕತ್ತೀರಿ? ಯಾಕ ತಂದೀರಿ ಇದನ್ನ?"

ಅಳಿಯ ಸುತ್ತ ನೋಡಿದರು. "ಹಣ್ಣು ಕೊಯ್ಯಾಕ್ರಿ."

"ಯಾವ ಹಣ್ಣು?"

ಕಾವಲುಗಾರ ಚೀಲದಿಂದ ಬಾಳೆಹಣ್ಣಿನ ಹಣಿಗೆ ಎತ್ತಿ ತೋರಿಸಿದ. ಹೆಡ್ ಕಾನ್‌ಸ್ಟೇಬಲ್ ಅದನ್ನೂ ನೋಡಿದಳು, ಅಳಿಯನನ್ನೂ ನೋಡಿದಳು.

"ಬಾಳಿಹಣ್ಣು ಚಾಕುಲೆ ಕೊಯ್ತೀರೇನ್ರಿ ನೀವು? ಮಕ್ಕಳಿಗಿ ಏನ್ ಕಲಸ್ತೀರಿ ಕಾಲೇಜಿನಾಗ?"

ಅಳಿಯನ ಕಿವಿ ಕೆಂಪಾಯಿತು. ಅವಳು ಚಾಕುವಿನ ಬಳೆ ಹಿಡಿದು ತಿರುಗಿಸಿದಳು. "ಈ ದಾರ ಯಾವುವು? ನಾಕು ಅದಾವ."

"ಅವು... ಹಂಗೇ ಕಟ್ಟಿದ್ದು."

"ಹಂಗೇ. ಚಾಕು ನಿಮ್ದು, ದಾರ ಯಾಕ ಅಂತ ನಿಮಗ ಗೊತ್ತಿಲ್ಲ. ನೋಡ್ರಿ ಮಾಸ್ತರ, ನೀವು ಹೇಳೋದು ಒಂದಕ್ಕೊಂದು ಕೂಡಂಗಿಲ್ಲ. ಹಿಂಗಾದ್ರ ನಾ ಬರೀಬೇಕಾಗ್ತದ." ಎಂದು ಪೆನ್ನಿನ ಮುಚ್ಚಳ ತೆಗೆದಳು.

ಆ ಮುಚ್ಚಳ ತೆಗೆದ ಸಪ್ಪಳ ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಎದ್ದು ನಿಂತೆ. ಅಳಿಯನ ಕಡೆ ನೋಡಲು ಆಗದೆ, ಆ ಹೆಣ್ಣುಮಗಳ ಕಡೆಯೂ ನೋಡಲು ಆಗದೆ, ಕ್ಯಾಲೆಂಡರಿನ ಕಡೆ ಮುಖ ಮಾಡಿದೆ.

"ಅವ್ರಿಗಿ ಏನೂ ಗೊತ್ತಿಲ್ಲಂತ ಹೇಳ್ರಿ. ಅದು ನಂದದ."

ಹೆಡ್ ಕಾನ್‌ಸ್ಟೇಬಲ್ ಬರೆಯಲು ಹೋದವಳು ತಲೆ ಎತ್ತಿದಳು.

"ಯವ್ವಾ, ಯಾರಿಗಿ ಹೇಳಾಕತ್ತೀದಿ? ಕ್ಯಾಲೆಂಡರಿಗೇನು?"

"ಅವ್ರು ನನ್ನ ಅಳಿಯ ಅದಾರ ರೀ. ಅವ್ರ ಎದುರು ನಾ ಮಾತಾಡಂಗಿಲ್ಲ."

"ಮದ್ವಿ ಆಗಿ ಎಷ್ಟು ವರ್ಷಾತು?"

"ಮೂರು."

"ಮೂರು ವರ್ಷದಾಗ ಒಮ್ಮೆನೂ ಮಾತಾಡಿಲ್ಲ?"

ನಾನು ಸುಳ್ಳು ಹೇಳಬಾರದೆಂದು ನೆನಪು ಮಾಡಿಕೊಂಡೆ. "ಒಮ್ಮೆ ಕರೆಂಟ್ ಹೋದಾಗ, 'ಹುಷಾರ್ ರೀ, ಮೆಟ್ಟಲ ಅದ' ಅಂದಿದ್ದೆ."

ಕಾವಲುಗಾರ ಕಿಸಕ್ಕನೆ ನಕ್ಕ. ಹೆಡ್ ಕಾನ್‌ಸ್ಟೇಬಲ್ ಅವನ ಕಡೆ ಒಂದು ಸಲ ಕಣ್ಣು ಬಿಟ್ಟಳು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದಳು: "ಹಂಗಾದ್ರ ಇವತ್ತೂ ಕರೆಂಟ್ ಹೋಗ್ಯದಂತ ತಿಳ್ಕೊ. ಈ ಕಡಿ ತಿರುಗು, ಹೇಳು."

ನಾನು ತಿರುಗಿದೆ. ಸೆರಗು ಸ್ವಲ್ಪ ಹಿಂದೆ ಸರಿಸಿದೆ. ಮೊದಲ ಮಾತು ಹೊರಗೆ ಬರುವುದು ಕಷ್ಟವಾಯಿತು, ಆಮೇಲೆ ನಿಲ್ಲಲೇ ಇಲ್ಲ. ತೋಟ, ಸುತಳಿ, ಮುತ್ಯಾನ ಕಿಸೆ, ಒಂದೊಂದು ದಾರ ಯಾವ ಕೂಸಿನದು, ನಾಲ್ಕನೆಯದನ್ನು ಅದೇ ಬೆಳಿಗ್ಗೆ ಕಟ್ಟಿದ್ದು, ಕೂಸನ್ನು ಕಮಲಾಪುರಕ್ಕೆ ಒಯ್ಯುವಾಗ ಜೊತೆಗಿರಲಿ ಎಂದು ತಂದದ್ದು, ಮುಚ್ಚಿಡಲು ಅಲ್ಲ, ಸರಿದಾಡದಿರಲಿ ಎಂದು ಕುಂಚಿಗೆಯಲ್ಲಿ ಸುತ್ತಿದ್ದು. "ತಪ್ಪಿದ್ರ ನನ್ನ ಮ್ಯಾಲ ಬರೀರಿ. ನಾ ಯಾವ ನೌಕರಿಗೂ ಹೋಗಂಗಿಲ್ಲ" ಎಂದೆ. ಅಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ಅದೇ ಮೊದಲು.

ಹೆಡ್ ಕಾನ್‌ಸ್ಟೇಬಲ್ ಅಳಿಯನ ಕಡೆ ತಿರುಗಿದಳು. "ನಿಮ್ದಲ್ಲ ಅಂದ್ರ ನಂದೇ ಅಂತ ಯಾಕಂದ್ರಿ?"

ಅಳಿಯ ನೆಲ ನೋಡುತ್ತ ಹೇಳಿದರು: "ಅತ್ತಿಯವ್ರು ಹಿರ್ಯಾರು. ಅವ್ರನ್ನ ಅಷ್ಟು ಮಂದಿ ಎದುರಿಗೆ ಚೌಕಿಗಿ ಕರಕೊಂಡು ಬರೋದು ಛಲೋ ಅನಸಲಿಲ್ರಿ."

"ಛಲೋ ಮಂದಿ ಸಿಕ್ಕೀರಿ ಇಬ್ರೂ. ಒಬ್ರು ಬಾಯಿ ಬಿಡಂಗಿಲ್ಲ, ಇನ್ನೊಬ್ರು ಬಿಟ್ರ ಸುಳ್ಳು. ನಿಜ ಹೇಳಿದ್ರ ಗೇಟಿನಾಗೇ ಮುಗೀತಿತ್ತಲ್ರೀ."

ಅವಳು ಮೇಜಿನ ಡ್ರಾವರಿನಿಂದ ಮಕ್ಕಳು ಗೆರೆ ಎಳೆಯುವ ಅಳತೆ ಪಟ್ಟಿಯೊಂದನ್ನು ತೆಗೆದು ಅಲಗಿನ ಪಕ್ಕ ಹಿಡಿದಳು. ಮೂರು ಇಂಚು. ಅಗಲ ಒಂದು ಇಂಚೂ ಇರಲಿಲ್ಲ. ಬಿಚ್ಚಿ ಮಡಚಿ ನೋಡಿದಳು. ಬಟನ್ ಏನಾದರೂ ಇದೆಯೇ ಎಂದು ಹಿಡಿಕೆಯನ್ನು ಉದ್ದಕ್ಕೂ ಸವರಿದಳು. ಆಮೇಲೆ ಫೋನು ಎತ್ತಿ ಸ್ಟೇಷನ್ನಿನ ಯಾರೋ ಮೇಲಿನವರಿಗೆ ಎಲ್ಲ ಹೇಳಿದಳು. ಆ ಕಡೆಯಿಂದ ಬಹಳ ಹೊತ್ತು ಮಾತು. ಇವಳು, "ಹೂಂ ಸರ್... ಇಲ್ಲ ಸರ್, ಹೊಲದ್ದು, ಹಳೇದು... ಮುದುಕಿ ಅದಾಳ ಸರ್... ಈಗ ಊರಾಗ ಆದೇಶ ಏನೂ ಇಲ್ಲಲ್ರಿ ಸರ್?" ಎನ್ನುತ್ತಿದ್ದಳು. ನಾನು ಕುಂಚಿಗೆಯ ಲಾಡಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದೆ. ಅಳಿಯ ಉಸಿರಾಡುವುದು ಕೇಳಿಸುತ್ತಿತ್ತು.

ಅವಳು ಫೋನು ಇಟ್ಟಳು.

"ಕೇಸ್ ಇಲ್ಲ. ಕೂಡ್ರಿ."

ನಾನು ಬೆಂಚಿನ ಮೇಲೆ ಕೂತೆ. ಅಳಿಯ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಅವಳು ನನಗೆ ನೀರಿನ ಬಾಟಲಿ ಕೊಟ್ಟಳು. ನೀರು ಕುಡಿದು ಧೈರ್ಯ ಬಂದ ಮೇಲೆ ಕೇಳಿದೆ: "ಹಂಗಾದ್ರ ಇದನ್ನ ಒಯ್ಯಬಹುದೋ, ಒಯ್ಯಬಾರದೋ?"

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಅವಳು ಹೇಳಿದ್ದನ್ನು ನೆನಪಿದ್ದಷ್ಟು ಹಾಗೇ ಬರೆಯುತ್ತೇನೆ.

"ಕೈ ಚಾಚು ಯವ್ವಾ. ಹೆಬ್ಬಟ್ಟಿನಿಂದ ಕಿರಿಬೆರಳ ತನಾ ಏನಂತೀರಿ?"

"ಗೇಣು."

"ಗೇಣಂದ್ರ ಹೆಚ್ಚುಕಮ್ಮಿ ಒಂಬತ್ತು ಇಂಚು. ಅಲಗು ಅದಕ್ಕಿಂತ ಉದ್ದಿದ್ರ, ಇಲ್ಲಾ ಎರಡು ಇಂಚಿಗಿಂತ ಅಗಲ ಇದ್ರ, ಕಾನೂನು ಅದನ್ನ ಆಯುಧ ಅಂತ ನೋಡ್ತದ. ಅದರಾಗೂ ಮನಿ ಕೆಲಸಕ್ಕ, ಹೊಲದ ಕೆಲಸಕ್ಕ ಅಂತ ಮಾಡಿದ್ದಕ್ಕ ಆ ಮಾತಿಲ್ಲ. ಈಳಿಗಿಮಣಿ, ಕುಡಗೋಲಿಗೆಲ್ಲ ಲೈಸೆನ್ಸ್ ಕೇಳಿದ್ರ ಊರು ನಡೀತದೇನು? ನಿಂದು ಗೇಣಿನೊಳಗ ಅದ, ಹೊಲದ್ದದ. ಆಯ್ತಾ? ಆದ್ರ ಗೇಣಿನೊಳಗ ಅದಂತ ಎಲ್ಲೆಂದ್ರಲ್ಲಿ ಒಯ್ಯಂಗಿಲ್ಲ. ದವಾಖಾನಿ, ಕೋರ್ಟು, ವಿಮಾನ ನಿಲ್ದಾಣ, ಇವುಕ್ಕ ಅವುರವೇ ರೂಲ್ಸ್ ಇರ್ತಾವ. ಎಲೆಕ್ಷನ್ ಇದ್ದಾಗ, ಎಲ್ಲಿಯರ ಗಲಾಟಿ ಆದಾಗ, ಏನೂ ಹಿಡ್ಕೊಂಡು ತಿರಗಬಾರದಂತ ಸಾಹೇಬ್ರು ಆದೇಶ ಹೊರಡಿಸ್ತಾರ. ಆವಾಗ ಮನ್ಯಾಗೇ ಬಿಡಬೇಕು. ಮತ್ತ ಬಟನ್ ಒತ್ತಿದ್ರ ಚಟ್ಟನೆ ಜಿಗಿಯೋ ಚಾಕು ಇರ್ತಾವಲ್ಲ, ಅಂಥಾವು ಕಂಡ್ರ ನಮಗ ಮೊದಲೇ ಸಂಶಯ."

"ಮತ್ತ ಸಣ್ಣದಿದ್ರ ತಪ್ಪೇ ಇಲ್ಲೇನ್ರಿ?" ಎಂದು ಅಳಿಯ ಕೇಳಿದರು. ಮಾಸ್ತರರಲ್ಲವೇ, ಸಂಶಯ ಉಳಿಸಿಕೊಳ್ಳುವುದಿಲ್ಲ.

"ಬೆರಳುದ್ದದ್ದು ಇರಲಿ, ಯಾರಿಗರ ತೋರಿಸಿ ಹೆದರಿಸಿದ್ರ ಅದು ಕೇಸೇ. ಚಾಕು ಎಷ್ಟುದ್ದ ಅಂತ ಒಮ್ಮೆ ನೋಡ್ತೀವಿ, ಯಾಕ ಇಟ್ಕೊಂಡೀರಿ ಅಂತ ಹತ್ತು ಸಲ ಕೇಳ್ತೀವಿ. ಅದಕ್ಕ ಸರಳ ಉತ್ತರ ಇರಬೇಕು. ನಿಮ್ಮಂಗ ಬಾಳಿಹಣ್ಣಿನ ಕಥಿ ಹೇಳಿದ್ರ ಯಾರೂ ನಂಬಂಗಿಲ್ಲ."

ಆಮೇಲೆ, ಚೌಕಿಯಲ್ಲಿ ಇಟ್ಟುಕೊಂಡ ಸಾಮಾನಿನ ವಹಿ ತೆಗೆದು ಬರೆದಳು. ಏನು ಬರೆದಳೆಂದು ನನಗೆ ಓದಿ ನೋಡಬೇಕಿತ್ತು. ಕೇಳಲು ನಾಚಿಕೆಯಾಯಿತು, ಆದರೂ ಕೇಳಿದೆ. ಅಂದು ನನಗೆ ಧೈರ್ಯ ಹೆಚ್ಚಾಗಿತ್ತು. ಅವಳು ವಹಿಯನ್ನು ನನ್ನ ಕಡೆ ತಿರುಗಿಸಿದಳು. ಮಡಚುವ ಚಾಕು ಒಂದು, ಮನೆ ಬಳಕೆಯದು, ಡಿಸ್ಚಾರ್ಜ್ ದಿನ ಮರಳಿಸುವುದು ಎಂದಿತ್ತು. ಅದರಲ್ಲಿ ನನ್ನ ಹೆಸರಿತ್ತು, ಅಳಿಯನ ಹೆಸರು ಎಲ್ಲೂ ಇರಲಿಲ್ಲ. ಎರಡು ಸಲ ಓದಿ ಸಹಿ ಮಾಡಿದೆ.

ಏಳುವಾಗ ನೆನಪಾಯಿತು. "ಮತ್ತ ಡಿಸ್ಚಾರ್ಜ್ ತನಾ ಕೂಸಿನ ತಲಿ ಬಲ್ಲಿ ಏನಿಡ್ಲಿ?"

ಕಾವಲುಗಾರ ಹಣೆ ಬಡಿದುಕೊಂಡ. ಹೆಡ್ ಕಾನ್‌ಸ್ಟೇಬಲ್ ನಗಲಿಲ್ಲ. ತನ್ನ ಕೈಚೀಲ ತೆರೆದು ಒಂದು ದೊಡ್ಡ ಪಿನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಇದೂ ಕಬ್ಬಿಣನೇ ಅಲ್ಲೇನು? ಹಾಸಿಗಿ ಅಂಚಿಗಿ ಚುಚ್ಚು, ಕೂಸಿಗಿ ತಾಕದಂಗ. ನನ್ನ ಮಗ ಹುಟ್ಟಿದಾಗ ನಮ್ಮವ್ವನೂ ಹಿಂಗೇ ಜೀವಾ ತಿಂದಿದ್ಳು."

ಹೊರಗೆ ಬಂದೆವು. ಬಿಸಿಲು ಬೆಳ್ಳಗಿತ್ತು. ಮೆಟ್ಟಿಲ ಹತ್ತಿರ ಅಳಿಯ ನಿಂತರು. ಸುತ್ತ ಗೋಡೆಯೂ ಇರಲಿಲ್ಲ, ಆಟೋದವನೂ ಇರಲಿಲ್ಲ. ನನ್ನನ್ನೇ ನೋಡಿ ಕೇಳಿದರು:

"ಅತ್ತಿಯವ್ರ, ಮತ್ತೇನರ ಅದ ಏನ್ರಿ?"

ನಾನು ಯೋಚಿಸಿದೆ. ಚೀಲದಲ್ಲಿ ಏನೂ ಇರಲಿಲ್ಲ. ಆದರೆ ಟೊಂಕದಲ್ಲಿ ಎಲೆ ಅಡಿಕೆಯ ಸಂಚಿ ಇತ್ತು, ಸಂಚಿಯಲ್ಲಿ...

"ಅಡಕತ್ತರಿ ಅದ ರೀ" ಎಂದೆ, ಅವರ ಮುಖ ನೋಡಿ.

ಅವರು ನಗಲು ಶುರು ಮಾಡಿದವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ನನಗೂ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಇಬ್ಬರೂ ಚೌಕಿಗೆ ತಿರುಗಿ ಹೋದೆವು. ನಾನು ಮೇಜಿನ ಮೇಲೆ ಅಡಕತ್ತರಿ ಇಟ್ಟಾಗ ಹೆಡ್ ಕಾನ್‌ಸ್ಟೇಬಲ್ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

"ಯವ್ವಾ, ನೀ ಬಾಣಂತನಕ್ಕ ಬಂದೀದೋ, ಯುದ್ಧಕ್ಕ ಬಂದೀದೋ?"

ಆದರೂ ವಹಿಯಲ್ಲಿ ಅದೇ ಸಾಲಿನ ಕೆಳಗೆ ಬರೆದಳು: ಅಡಕತ್ತರಿ ಒಂದು. ಹಣಿಗೆಯಿಂದ ಎರಡು ಬಾಳೆಹಣ್ಣು ಮುರಿದು ಅವಳ ಮೇಜಿನ ಮೇಲಿಡಲು ಹೋದೆ. ಬೇಡ ಎಂದಳು. ಡ್ಯೂಟಿಯಲ್ಲಿದ್ದಾಗ ಏನೂ ತೆಗೆದುಕೊಳ್ಳುವುದಿಲ್ಲವಂತೆ. ಕಾವಲುಗಾರ ಮಾತ್ರ ಹಣ್ಣಿನ ಕಡೆ ನೋಡುತ್ತಲೇ ಇದ್ದ.

ಮೇಲೆ ಹೋದಾಗ ಮಗಳು ಸಿಟ್ಟಾಗಿದ್ದಳು. "ಇಷ್ಟೊತ್ತು ಎಲ್ಲಿ ಹೋಗಿದ್ರಿ ಇಬ್ರೂ?" ಅಳಿಯ, "ಅತ್ತಿಯವ್ರ ಜೋಡಿ ಮಾತಾಡ್ಕೋತ ಕೂತಿದ್ದೆ" ಎಂದರು. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯೋ ಎಂದು. ಬೀಗತಿ ಕೂಸನ್ನು ನನ್ನ ಕೈಗೆ ಕೊಟ್ಟರು. ಮುಷ್ಟಿ ಬಿಗಿಹಿಡಿದು ಮಲಗಿತ್ತು. ಕುಂಚಿಗೆ ಹಾಕಿದೆ, ಪಿನ್ನನ್ನು ಹಾಸಿಗೆಯ ಅಂಚಿಗೆ ಸಿಕ್ಕಿಸಿದೆ.

ಮೂರನೆಯ ದಿನ ಡಿಸ್ಚಾರ್ಜ್ ಆಯಿತು. ಹೆಡ್ ಕಾನ್‌ಸ್ಟೇಬಲ್ ಗೇಟಿನವರೆಗೂ ಬಂದು ಚಾಕು, ಅಡಕತ್ತರಿ ಎರಡನ್ನೂ ಅಳಿಯನ ಕೈಗೆ ಕೊಟ್ಟಳು. ಕಾರಿನಲ್ಲಿ ಅವರೇ ಚಾಕುವನ್ನು ಮಡಚಿ, ದಾರಗಳನ್ನು ಎಣಿಸಿ, ಯಾವುದು ಯಾರದೆಂದು ನನಗೆ ಕೇಳಿ, ಕೂಸಿಗೆ ಹೊದಿಸಿದ್ದ ದುಪಟಿಯ ಪಕ್ಕ ಇಟ್ಟರು. ಕಮಲಾಪುರ ಬರುವವರೆಗೂ ಕೂಸು ಕಣ್ಣು ತೆರೆಯಲಿಲ್ಲ.

ಆದರೂ ನನ್ನ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಕೇಸ್ ಇಲ್ಲ ಎಂದಳು, ವಹಿಯನ್ನು ಕಣ್ಣಾರೆ ನೋಡಿದ್ದೆ, ಆದರೂ ಎಲ್ಲಾದರೂ ಒಂದು ಕಡೆ ಅಳಿಯನ ಹೆಸರು ಉಳಿದಿದ್ದರೆ? ಬಾಣಂತಿಗೆ ಎಣ್ಣೆ ತಿಕ್ಕುವಾಗ, ಕೂಸಿಗೆ ಲೋಬಾನದ ಹೊಗೆ ಹಾಕುವಾಗ, ಇದೇ ಯೋಚನೆ. ಯಾರಿಗೂ ಹೇಳಲಿಲ್ಲ. ವೆರಿಫಿಕೇಶನ್‌ಗೆ ಪೊಲೀಸರು ಅಳಿಯನ ಮನೆಗೆ ಬಂದು ಹೋದರೆಂದು ಮಗಳು ಹೇಳಿದ ದಿನ ನನಗೆ ಅನ್ನ ಸೇರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿ ಸ್ವಲ್ಪ ದಿನವಾಗಿತ್ತು. ಒಂದು ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು. ಅಳಿಯನ ನಂಬರು. ಮಗಳಿಗೆ ಬಂದದ್ದಿರಬೇಕು ಎಂದು ಅವಳಿಗೆ ಕೊಡಲು ಹೋದೆ. "ನಿನಗೇ ಬಂದದಬೇ, ನೀನೇ ಮಾತಾಡು" ಎಂದಳು. ಹೆದರುತ್ತಲೇ ಕಿವಿಗೆ ಹಿಡಿದೆ.

"ಅತ್ತಿಯವ್ರ, ಮೊದಲು ನಿಮಗೇ ಹೇಳಬೇಕಂತ ಮಾಡಿದೆ. ಆರ್ಡರ್ ಬಂತು. ಯಾವ ಕೇಸೂ ಇಲ್ಲಂತ ಬರದಾರ."

ನಾನು "ಬಾಳ ಛಲೋ ಆತ್ರಿ" ಎಂದೆ. ಇನ್ನೂ ಏನಾದರೂ ಹೇಳಬೇಕಿತ್ತು, ಬರಲಿಲ್ಲ. ಅವರೂ ಫೋನು ಇಡಲಿಲ್ಲ. ಆಮೇಲೆ, "ಕೂಸು ನಿನ್ನೆ ನಕ್ಕಾಳ ರೀ" ಎಂದೆ. ಅಲ್ಲಿಂದ ಮಾತು ಬಂತು.

ಚಾಕು ನಿಮ್ಮೆಲ್ಲರದು. ಯಾರಿಗೆ ಬೇಕೋ ತೋಟಕ್ಕೆ ಒಯ್ಯಿರಿ, ಸುತಳಿ ಕತ್ತರಿಸಿ, ಮಡಚಿ ತಂದಿಡಿ. ಕಲಬುರಗಿಗೆ ಬೇಡ, ಸಾಲೆಗೆ ಬೇಡವೇ ಬೇಡ. ಯಾರಾದರೂ ಯಾಕೆ ಇಟ್ಟುಕೊಂಡಿದ್ದೀಯಾ ಎಂದು ಕೇಳಿದರೆ ನಿಜ ಹೇಳಿ, ಮೊದಲ ಸಲಕ್ಕೇ ಹೇಳಿ.

ಈಗ ನಾನು ಕಲಬುರಗಿಗೆ ಹೋದಾಗಲೆಲ್ಲ ಅಳಿಯ ಬಸ್ ಸ್ಟ್ಯಾಂಡಿನಲ್ಲಿ ಚೀಲ ಇಸಿದುಕೊಳ್ಳುವ ಮೊದಲು, "ಏನೇನ್ ಅದ ಹೇಳ್ರಿ ಅತ್ತಿಯವ್ರ" ಎನ್ನುತ್ತಾರೆ. ನಾನು ಒಂದೊಂದಾಗಿ ಹೇಳುತ್ತೇನೆ. ಹೋದ ಸಲ, ಶೇಂಗಾ ಚಟ್ನಿ, ಜೋಳದ ಹಿಟ್ಟು, ಸಣ್ಣವಳ ಲಂಗ, ಒಂದು ಹಣಿಗೆ ಬಾಳೆಹಣ್ಣು ಎಂದೆ.

"ಕೊಯ್ಯಾಕ?" ಎಂದರು, ಮುಖ ಗಂಭೀರ ಮಾಡಿ.

"ನಿಮ್ಮ ಕಾಲೇಜಿನಾಗ ಏನ್ ಕಲಸ್ತಿದ್ರೋ ಏನೋ" ಎಂದೆ. "ನಮ್ಮ ಕಮಲಾಪುರದಾಗ ಬಾಳಿಹಣ್ಣು ಸುಲದು ತಿಂತಾರ ರೀ."